ಹಿಂದಿನ ಚಕ್ರದ ಮೇಲೆ ತುಕ್ಕಿನ ತೂತು: ಪುಟ್ಟಿ ತುಂಬಿದರೆ ಸಾಕಾ?

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷ ದಾಟಿದ ಹ್ಯಾಚ್‌ಬ್ಯಾಕ್ ನನ್ನದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಎಡಗಡೆ ಹಿಂದಿನ ಚಕ್ರದ ಕಮಾನಿನ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು. ಉಗುರಿನಲ್ಲಿ ಕೆರೆದೆ, ಹಕ್ಕಳೆ ಕಿತ್ತು ಬಂತು, ಕೆಳಗೆ ತೂತು! ಶರ್ಟಿನ ಗುಂಡಿಯಷ್ಟು ಅಗಲ. ಪಕ್ಕದಲ್ಲೇ ಇನ್ನೂ ಎರಡು ಸಣ್ಣವು. ಅದೇ ಬದಿಯ ಹಿಂದಿನ ಬಾಗಿಲಿನ ತಳದಲ್ಲೂ ಗುಳ್ಳೆ ಇದೆ, ಅಲ್ಲಿ ಇನ್ನೂ ತೂತಾಗಿಲ್ಲ.

ವೆಲ್ಡಿಂಗ್ ಮೆಷೀನ್ ಇಲ್ಲ, ಇದ್ದರೂ ಮಾಡೋಕೆ ಬರಲ್ಲ. ಡ್ರಿಲ್ ಮತ್ತು ಸಣ್ಣ ಗ್ರೈಂಡರ್ ಇದೆ. ಪುಟ್ಟಿ ತುಂಬಿ, ಉಜ್ಜಿ, ಮೇಲೆ ಸ್ಪ್ರೇ ಹೊಡೆದರೆ ಸಾಕಲ್ವಾ?

ಸ್ಪ್ರೇಗನ್:
ಸಾಕಾಗಲ್ಲ ಸರ್. ಆದರೆ ಮೊದಲು ಎಷ್ಟು ಕೊಳೆತಿದೆ ಅಂತ ನೋಡೋಣ. ಒಂದು ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಚಕ್ರದ ಸುತ್ತ ಜಾರಿಸಿ. ಹಿಡಿತ ಸಡಿಲವಾದ ಕಡೆ ಹಳೇ ಪುಟ್ಟಿ ಇದೆ ಅಂತ ಅರ್ಥ. ಆಮೇಲೆ ಒಂದು ಹಳೇ ಸ್ಕ್ರೂ ಡ್ರೈವರ್ ತಗೊಂಡು ತೂತಿನ ಸುತ್ತ ಒತ್ತಿ ನೋಡಿ. ಹಾಗೇ ಕಾರಿನ ಕೆಳಗೆ ಬಗ್ಗಿ, ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಅನ್ನೂ ಒತ್ತಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಕೊಳೆತದ್ದು ಸದ್ದೇ ಇಲ್ಲದೆ ಒಳಗೆ ಹೋಗುತ್ತದೆ. ಹೆದರಬೇಡಿ, ಒತ್ತಿದ್ದಕ್ಕೇ ತೂತಾಯಿತು ಅಂದರೆ ಅಲ್ಲಿ ತಗಡು ಮೊದಲೇ ಇರಲಿಲ್ಲ.

ಹಳೇಗಾಡಿ:
ಮಾಡಿದೆ. ಕಮಾನಿನ ಮೇಲೆ ಒಂದು ಅಂಗೈ ಅಗಲ ಆಯಸ್ಕಾಂತ ಹಿಡಿಯಲೇ ಇಲ್ಲ. ಮುಂಚಿನ ಮಾಲೀಕರು ಚೆನ್ನಾಗಿ ಮೆತ್ತಿಸಿದ್ದಾರೆ! ಕೆತ್ತಿ ತೆಗೆದೆ. ಪುಟ್ಟಿ ಹಿಂದುಗಡೆ ಒದ್ದೆ, ಒಳಗೆ ಕಾಗದ ತುರುಕಿ ಅದರ ಮೇಲೆ ಪುಟ್ಟಿ ಹಾಕಿದ್ದರು. ಗುಂಡಿಯಷ್ಟಿದ್ದ ತೂತು ಈಗ ಮೂರು ಬೆರಳು ತೂರುವಷ್ಟಾಗಿದೆ. ಇನ್ನೊಂದು ವಿಷಯ. ಸಿಲ್‌ನ ಹಿಂದಿನ ತುದಿಯಲ್ಲಿ, ಜ್ಯಾಕ್ ಕೊಡುವ ಜಾಗದ ಹತ್ತಿರ, ಸ್ಕ್ರೂ ಡ್ರೈವರ್ ಒಳಗೆ ಹೋಯಿತು.

ತಗಡುಕೆಲಸ:
ಹಾಗಾದರೆ ಕೆಲಸ ಎರಡು ಭಾಗ ಆಯಿತು.

ಸಿಲ್ ಮನೆ ಕೆಲಸ ಅಲ್ಲ, ಅದನ್ನು ಪಕ್ಕಕ್ಕಿಡಿ. ಅದು ಬರೀ ಹೊರ ಹೊದಿಕೆ ಅಲ್ಲ, ಕಾರಿನ ಮೂಳೆ. ಪಕ್ಕದಿಂದ ಗಾಡಿ ಗುದ್ದಿದರೆ ಹೊಡೆತ ತಡೆಯೋದು ಅದೇ. ಸಿಲ್, ಚಾಸಿ, ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟ್ ಬಿಗಿಯುವ ಜಾಗ, ಇಲ್ಲೆಲ್ಲ ಪುಟ್ಟಿ, ಫೈಬರ್, ಅಂಟು ಯಾವುದೂ ಬೇಡ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ಅಲ್ಲಿವರೆಗೆ ಆ ಜಾಗಕ್ಕೆ ಜ್ಯಾಕ್ ಕೊಡಬೇಡಿ. ವೆಲ್ಡಿಂಗ್‌ಗೆ ಬಿಡುವಾಗ ಒಳಗಿನ ಕಾರ್ಪೆಟ್, ವೈರ್ ಸರಿಸಿ ಬ್ಯಾಟರಿ ಬಿಚ್ಚಿದ್ದಾರಾ ಅಂತ ನಿಂತು ನೋಡಿ. ಈ ಕೆಲಸ ಮೊದಲು ಮುಗಿಯಲಿ, ಇಲ್ಲದಿದ್ದರೆ ನೀವು ಹೊಡೆದ ಹೊಸ ಪೇಂಟ್ ಆ ಬಿಸಿಗೇ ಸುಟ್ಟು ಹೋಗುತ್ತದೆ.

ಕಮಾನು ಮತ್ತು ಬಾಗಿಲು ನೀವೇ ಮಾಡಬಹುದು. ಆದರೆ ಒಂದು ಮಾತು ತಲೆಯಲ್ಲಿರಲಿ. ಈ ತೂತು ಹೊರಗಿನಿಂದ ಆಗಿದ್ದಲ್ಲ, ಒಳಗಿನಿಂದ ತಿಂದುಕೊಂಡು ಬಂದಿದ್ದು. ಕಮಾನಿನ ಅಂಚಿನಲ್ಲಿ ಹೊರ ತಗಡು, ಒಳ ತಗಡು ಎರಡೂ ಸೇರುತ್ತವೆ. ಚಕ್ರ ಎರಚಿದ ಕೆಸರು ಆ ಸಂದಿಯಲ್ಲಿ ಕೂತು ತಿಂಗಳುಗಟ್ಟಲೆ ಒದ್ದೆಯಾಗೇ ಇರುತ್ತದೆ. ಬಾಗಿಲಿನ ಕಥೆಯೂ ಅಷ್ಟೇ. ಗಾಜಿನ ಪಕ್ಕದ ರಬ್ಬರ್ ದಾಟಿ ನೀರು ಬಾಗಿಲೊಳಗೆ ಇಳಿಯುವುದು ಮಾಮೂಲು. ಅದು ಹರಿದು ಹೋಗಲಿ ಅಂತಲೇ ತಳದಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಅವು ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ತಗಡು ಕೊಳೆಯುತ್ತದೆ. ಆದ್ದರಿಂದ ಮೊದಲು ಚಕ್ರ ಬಿಚ್ಚಿ (ಜ್ಯಾಕ್ ಮೇಲೇ ನಂಬಿ ಕೂರಬೇಡಿ, ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಡಿ), ಕಮಾನಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ (ಲೈನರ್) ತೆಗೆದು ಒಳಗೆಲ್ಲ ತೊಳೆಯಿರಿ. ಬಾಗಿಲಿನ ಕಿಂಡಿಗಳನ್ನು ತಂತಿ ಹಾಕಿ ಬಿಡಿಸಿ. ಚೆನ್ನಾಗಿ ಒಣಗಲಿ.

ಆಮೇಲೆ ಹಳೇ ಪೇಂಟ್ ಕೆತ್ತಿ. ತೂತಿನ ಸುತ್ತ ಬೆಳ್ಳಗೆ ಹೊಳೆಯುವ ತಗಡು ಸಿಗುವವರೆಗೆ ಹೋಗಿ. ಕಪ್ಪು ಚುಕ್ಕೆ ಉಳಿದಿದ್ದರೆ ಅದು ಗುಳಿಯಲ್ಲಿ ಕೂತ ತುಕ್ಕು. ಬಾಡಿ ತಗಡು ಇರುವುದೇ ಸುಮಾರು 0.7–0.8 ಮಿ.ಮೀ. ದಪ್ಪ. ಗ್ರೈಂಡರ್ ಒಂದೇ ಕಡೆ ಒತ್ತಿ ಹಿಡಿದರೆ ತಗಡು ಸವೆಯುತ್ತದೆ, ಬಿಸಿಗೆ ಸೊಟ್ಟಗಾಗುತ್ತದೆ. 80 ಗ್ರಿಟ್‌ನ (ಒರಟುತನದ ನಂಬರ್, ಹೆಚ್ಚಾದಷ್ಟು ನಯ) ಫ್ಲ್ಯಾಪ್ ಡಿಸ್ಕ್, ಅಂದರೆ ಸ್ಯಾಂಡ್ ಪೇಪರ್ ಎಸಳುಗಳ ಚಕ್ರ, ಹಾಕಿ ಒತ್ತದೆ ಹಗುರವಾಗಿ ಆಡಿಸಿ, ಮಧ್ಯೆ ಕೈಯಿಟ್ಟು ಬಿಸಿ ನೋಡಿ. ಪೆಟ್ರೋಲ್ ತುಂಬುವ ಪೈಪ್ ಯಾವ ಕಡೆ ಇದೆ ಅಂತ ಗಮನಿಸಿ. ಅದು ಅದೇ ಕಮಾನಿನ ಹಿಂದೆ ಇದ್ದರೆ ಗ್ರೈಂಡರ್ ಬೇಡ, ಕಿಡಿ ಹಾರದ ಹಾಗೆ ಕೈಯಲ್ಲೇ ಕೆತ್ತಿ. ಇಲ್ಲವಾದರೂ ಪಕ್ಕದ ಗಾಜಿಗೆ ದಪ್ಪ ಬಟ್ಟೆ ಮುಚ್ಚಿ. ಗ್ರೈಂಡರ್ ಕಿಡಿ ಗಾಜಿನ ಮೈಯಲ್ಲಿ ಕರಗಿ ಕೂರುತ್ತದೆ, ಆಮೇಲೆ ಅದನ್ನು ತೆಗೆಯೋಕೇ ಆಗಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳಿನ ಮಾಸ್ಕ್ ಬೇಕೇ ಬೇಕು.

ತೇಪೆ ಹೇಗೆ ಅಂತ ಸಂಜೆ ಬರೆಯುತ್ತೇನೆ.

ವೀಲ್‌ಸ್ಪ್ಯಾನರ್:
ಇಷ್ಟೆಲ್ಲ ಕೆರೆಯೋದು ಯಾಕೆ? ರಸ್ಟ್ ಕನ್ವರ್ಟರ್ ಹಚ್ಚಿದರೆ ತುಕ್ಕು ಕಪ್ಪಗಾಗುತ್ತದೆ, ಮುಗೀತು. ಅದರ ಮೇಲೆ ಅಲ್ಯೂಮಿನಿಯಂ ಜಾಲರಿ ಇಟ್ಟು ಪುಟ್ಟಿ ಹಾಕಿ. ಅಂಗಡಿಯ ಪುಟ್ಟಿ ಕಿಟ್ ಜೊತೆಗೇ ಬರುತ್ತದಲ್ವಾ ಜಾಲರಿ?

ತಗಡುಕೆಲಸ:
ಕಿಟ್ ಜೊತೆ ಬರುತ್ತದೆ, ನಿಜ. ಗಾಡಿ ಮಾರುವವರೆಗೆ ನಿಂತರೆ ಸಾಕು ಅನ್ನುವವರಿಗೆ ಅದು.

ಕನ್ವರ್ಟರ್‌ನಲ್ಲಿ ಇರುವುದು ಟ್ಯಾನಿಕ್ ಆಸಿಡ್ ಅಥವಾ ಫಾಸ್ಫಾರಿಕ್ ಆಸಿಡ್. ತಗಡಿಗೆ ಗಟ್ಟಿಯಾಗಿ ಅಂಟಿದ ತೆಳು ತುಕ್ಕನ್ನು ಮಾತ್ರ ಅದು ಬದಲಾಯಿಸುತ್ತದೆ. ಪದರ ಪದರವಾಗಿ ಎದ್ದ ತುಕ್ಕಿನ ಒಳಕ್ಕೆ ಇಳಿಯಲ್ಲ. ಮೇಲೆ ಕಪ್ಪು, ಕೆಳಗೆ ಅದೇ ಹಳೇ ಕೆಂಪು. ಕೆರೆದ ಮೇಲೆ ಉಳಿಯುವ ಗುಳಿಗಳಿಗೆ ಹಚ್ಚಿ, ಬೇಡ ಅನ್ನಲ್ಲ. ಡಬ್ಬಿಯ ಮೇಲೆ ತೊಳೆಯಲು ಹೇಳಿದ್ದರೆ ಮಾತ್ರ ತಪ್ಪದೆ ತೊಳೆಯಿರಿ. ಆಸಿಡ್ ಉಳಿದರೆ ಮೇಲಿನ ಪ್ರೈಮರ್ (ಪೇಂಟಿಗೂ ಮೊದಲು ಹೊಡೆಯುವ ತಳದ ಕೋಟ್) ಹಿಡಿಯಲ್ಲ.

ಇನ್ನು ಜಾಲರಿ. ಉಕ್ಕಿಗೆ ಅಲ್ಯೂಮಿನಿಯಂ ತಾಗಿ ಅಲ್ಲಿ ನೀರು ಸೇರಿದರೆ ಎರಡು ಲೋಹಗಳ ನಡುವೆ ಹೊಸ ಸವೆತ ಶುರುವಾಗುತ್ತದೆ. ಜೊತೆಗೆ ಮಾಮೂಲಿ ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ಅದರಲ್ಲಿ ಟಾಲ್ಕ್ ಪುಡಿ ಜಾಸ್ತಿ. ಹಿಂದಿನಿಂದ ನೀರು ತಾಗುವ ಜಾಗದಲ್ಲಿ ಅದನ್ನೇ ತೂತಿಗೆ ಮುಚ್ಚಳ ಮಾಡಿದರೆ ಏನಾಗುತ್ತದೆ ಅಂತ ಹಳೇಗಾಡಿಯವರು ಕೆತ್ತಿದ ಒದ್ದೆ ಪುಟ್ಟಿಯೇ ತೋರಿಸಿದೆ.

ನಾನು ಮಾಡೋದು ಹೀಗೆ. ತೂತಿನ ಅಂಚಿನ ತೆಳು ತಗಡನ್ನು ಕತ್ತರಿಸಿ ಗಟ್ಟಿ ತಗಡಿಗೆ ಬನ್ನಿ. ಸುತ್ತಲ ಅಂಚನ್ನು ಸಣ್ಣ ಸುತ್ತಿಗೆಯಿಂದ ಒಂದೆರಡು ಮಿ.ಮೀ. ಒಳಕ್ಕೆ ತಟ್ಟಿ, ತೇಪೆ ಆ ತಗ್ಗಿನಲ್ಲಿ ಕೂರಬೇಕು. ಅಷ್ಟೇ ದಪ್ಪದ ಉಕ್ಕಿನ ತಗಡನ್ನು ಎಲ್ಲಾ ಕಡೆ 20–25 ಮಿ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ. ಮೂಲೆ ದುಂಡಗಿರಲಿ. ಕಮಾನಿನ ತಿರುವಿಗೆ ಸರಿಯಾಗಿ ಬಗ್ಗಿಸಿ, ಅಂಟು ಹಚ್ಚುವ ಮೊದಲು ಬರೀ ತಗಡನ್ನೇ ಇಟ್ಟು ನೋಡಿ, ಬೆಳಕು ತೂರುವ ಸಂದಿ ಇರಬಾರದು. ಎರಡೂ ಮೈ ಒರಟಾಗಿ ಉಜ್ಜಿ, ಎಣ್ಣೆ ಜಿಡ್ಡು ಒರೆಸಿ, ಎರಡು ಭಾಗದ ಎಪಾಕ್ಸಿ ಪ್ಯಾನೆಲ್ ಅಂಟು ಹಚ್ಚಿ ಕೂರಿಸಿ. ಅಂಟು ಗಟ್ಟಿಯಾಗುವವರೆಗೆ ಸಣ್ಣ ಸ್ಕ್ರೂಗಳಿಂದ ಬಿಗಿಯಿರಿ. ಸ್ಕ್ರೂಗೆ ಸ್ವಲ್ಪ ಮೇಣ ಸವರಿದ್ದರೆ ಆಮೇಲೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ನಡುವೆ ಏನೂ ಉಳಿಯಲ್ಲ, ಹುಷಾರು. ಆಮೇಲೆ ಬರಿ ತಗಡಿನ ಮೇಲೆ ಎಪಾಕ್ಸಿ ಪ್ರೈಮರ್. ಒಳಗಡೆಯೂ, ಬ್ರಷ್ ತೂರುವಷ್ಟು ದೂರ. ಪುಟ್ಟಿ ಇದೆಲ್ಲ ಆದಮೇಲೆ, ಬರೀ ಮಟ್ಟ ಮಾಡೋಕೆ, 2–3 ಮಿ.ಮೀ. ಮೀರದ ಹಾಗೆ.

ಬಾಗಿಲಿನಲ್ಲಿ ತೂತಿಲ್ಲ ಅಂದಿರಿ. ಕೆರೆದ ಮೇಲೆ ಚುಚ್ಚಿದಷ್ಟು ಸಣ್ಣ ತೂತುಗಳು ಸಿಕ್ಕರೆ ಅಲ್ಲಿಗೆ ಎಪಾಕ್ಸಿ ಮತ್ತು ಫೈಬರ್‌ಗ್ಲಾಸ್ ಬಟ್ಟೆ ಸಾಕು.

ಹಳೇಗಾಡಿ:
ಸಿಲ್ ವೆಲ್ಡಿಂಗ್ ಆಯಿತು. ಕಮಾನಿಗೆ ತೇಪೆಯೂ ಗಟ್ಟಿಯಾಗಿ ಕೂತಿದೆ. ಈಗ ಪುಟ್ಟಿಯ ಕಾಟ. ಬಾಗಿಲಿಗೆ ಹಾಕಿದ್ದು ಚೆನ್ನಾಗಿ ಒಣಗಿತು. ಕಮಾನಿನದು ಗಂಟೆಗಟ್ಟಲೆ ಬಿಟ್ಟರೂ ಅಂಟಂಟು, ಸ್ಯಾಂಡ್ ಪೇಪರ್‌ಗೆ ಮೆತ್ತಿಕೊಳ್ಳುತ್ತಿದೆ. ಎರಡೂ ಒಂದೇ ಡಬ್ಬಿಯದ್ದು, ಹಾರ್ಡನರ್ (ಪುಟ್ಟಿ ಗಟ್ಟಿಯಾಗಲು ಬೆರೆಸುವುದು) ಕೂಡ ಒಂದೇ ಟ್ಯೂಬಿನದ್ದು.

ಸ್ಪ್ರೇಗನ್:
ಕಮಾನಿಗೆ ಪುಟ್ಟಿಯ ಕೆಳಗೆ ಏನು ಹೊಡೆದಿರಿ? ಡಬ್ಬಿಯ ಮೇಲಿರುವ ಹೆಸರು ಹೇಳಿ.

ಹಳೇಗಾಡಿ:
ಎಚ್ (etch) ಪ್ರೈಮರ್ ಅಂತಿದೆ. ಬಾಗಿಲಿಗೆ ಹೊಡೆದು ಮುಗಿಸುವಷ್ಟರಲ್ಲಿ ಎಪಾಕ್ಸಿ ಖಾಲಿಯಾಗಿತ್ತು, ಅಂಗಡಿಯವರು ಇದೂ ಅದೇ ಅಂದರು, ಕಮಾನಿಗೆ ಇದನ್ನೇ ಹೊಡೆದೆ.

ಸ್ಪ್ರೇಗನ್:
ಅದೇ ಅಲ್ಲ! ಎಚ್ ಪ್ರೈಮರ್‌ನಲ್ಲಿ ಆಸಿಡ್ ಇರುತ್ತದೆ. ನೇರವಾಗಿ ಅದರ ಮೇಲೆ ಪಾಲಿಯೆಸ್ಟರ್ ಪುಟ್ಟಿ ಹಾಕಿದರೆ ತಳಭಾಗ ಸರಿಯಾಗಿ ಗಟ್ಟಿಯಾಗಲ್ಲ. ಕಾದು ಪ್ರಯೋಜನ ಇಲ್ಲ. ಪುಟ್ಟಿ, ಕೆಳಗಿನ ಪ್ರೈಮರ್ ಎರಡನ್ನೂ ತಗಡಿನವರೆಗೆ ತೆಗೆದು ಎಪಾಕ್ಸಿಯಿಂದ ಮತ್ತೆ ಶುರು ಮಾಡಿ. ಎಪಾಕ್ಸಿ ಒಣಗಿದ ಮೇಲೆ ಒರಟು ಪ್ಯಾಡ್‌ನಿಂದ ಹೊಳಪು ಹೋಗುವಷ್ಟು ಉಜ್ಜಿ ಪುಟ್ಟಿ ಹಾಕಿ.

ಬೇಗ ಒಣಗಲಿ ಅಂತ ಹಾರ್ಡನರ್ ಜಾಸ್ತಿ ಸುರಿಯಬೇಡಿ. ತೂಕದಲ್ಲಿ ಸುಮಾರು 2% ಸಾಕು. ಜಾಸ್ತಿಯಾದರೆ ಪುಟ್ಟಿಯಲ್ಲಿ ಸೂಜಿ ರಂಧ್ರ ಬರುತ್ತವೆ, ಎಷ್ಟೋ ದಿನ ಆದಮೇಲೆ ಪೇಂಟ್ ಮೇಲೂ ಕಲೆ ಎದ್ದು ಕಾಣುತ್ತದೆ. ಕಲಸುವಾಗ ಕೇಕಿನ ಹಿಟ್ಟಿನ ಹಾಗೆ ಬಡಿಯಬೇಡಿ, ಗಾಳಿ ಸೇರುತ್ತದೆ. ಪುಟ್ಟಿ ಹಚ್ಚುವ ಪಟ್ಟಿಯಿಂದ ಒತ್ತಿ ಒತ್ತಿ ಮಡಚಿ, ಬಣ್ಣ ಒಂದೇ ಸಮ ಆಗಲಿ. ಉಜ್ಜುವುದು ಒಣದಾಗಿಯೇ. ನೀರು ಹಾಕಿ ಉಜ್ಜುವುದು ಪುಟ್ಟಿಯ ಮೇಲೆ ಪ್ರೈಮರ್ ಪೂರ್ತಿ ಮುಚ್ಚಿದ ಮೇಲೆ.

80ರ ಸ್ಯಾಂಡ್ ಪೇಪರ್‌ನಿಂದ ಶುರು ಮಾಡಿ, 180, ಆಮೇಲೆ 320. ಕೈಗೆ ನೇರವಾಗಿ ಪೇಪರ್ ಸುತ್ತಿದರೆ ಬೆರಳಿನ ಗುರುತು ಬೀಳುತ್ತದೆ, ಕಮಾನಿನ ತಿರುವಿಗೆ ಬಗ್ಗುವ ರಬ್ಬರ್ ತುಂಡಿಗೆ ಸುತ್ತಿ. ಮಟ್ಟ ಆಗಿದೆಯಾ ಅಂತ ಕಣ್ಣಲ್ಲಿ ನೋಡುವುದಕ್ಕಿಂತ ಕಣ್ಣು ಮುಚ್ಚಿ ಅಂಗೈ ಸವರಿದರೆ ಚೆನ್ನಾಗಿ ಗೊತ್ತಾಗುತ್ತದೆ.

ಹಳೇಗಾಡಿ:
ಕಿತ್ತು ಮತ್ತೆ ಹಾಕಿದೆ. ಈ ಸಲ ಕಲ್ಲಿನ ಹಾಗೆ ಗಟ್ಟಿ. ಪೇಂಟಿಗೆ ಏನಾದರೂ ಹೇಳೋದಿದೆಯಾ?

ಸ್ಪ್ರೇಗನ್:
ಬಣ್ಣದ ಹೆಸರು ಹೇಳಿ ತರಬೇಡಿ. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಕೋಡ್ ಇರುತ್ತದೆ, ಅದನ್ನು ತೋರಿಸಿ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಹೊಡೆಯಬೇಡಿ. ಸುಮಾರು 20–25 ಸೆಂ.ಮೀ. ದೂರದಿಂದ, ಕೈ ನಿಲ್ಲಿಸದೆ, ತೆಳು ಕೋಟ್‌ಗಳು. ಒಂದೇ ಸಲ ಮುಚ್ಚಿಬಿಡೋಣ ಅಂದರೆ ಸೋರುತ್ತದೆ. ಪೇಂಟ್ ಬೇರೆ ಕಡೆ ತಾಗದ ಹಾಗೆ ಅಂಟಿಸುವ ಟೇಪಿನ ಅಂಚು ಪ್ಯಾನೆಲ್ ನಡುವೆ ನಿಲ್ಲದ ಹಾಗೆ ನೋಡಿಕೊಳ್ಳಿ, ಬಾಡಿಯ ಗೆರೆ ಅಥವಾ ಸಂದಿಯವರೆಗೆ ಹೋಗಲಿ. ಹಾರ್ಡನರ್ ಸೇರಿಸುವ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಕೋಟ್) ಮನೆಯಲ್ಲಿ ಬೇಡ ಅಂತ ನನ್ನ ಸಲಹೆ. ಅದರಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಧೂಳಿನ ಮಾಸ್ಕ್ ಅದನ್ನು ತಡೆಯಲ್ಲ. ಸಾದಾ ಸ್ಪ್ರೇಗೂ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಹಾಕಿ, ತೆರೆದ ಜಾಗದಲ್ಲಿ ಹೊಡೆಯಿರಿ.

ತಗಡುಕೆಲಸ:
ಪೇಂಟ್ ನೋಡಿ ಖುಷಿಯಾಗಿ ಲೈನರ್ ಹಾಕಿಬಿಡಬೇಡಿ. ತೇಪೆಯ ಹಿಂದೆ ಇನ್ನೂ ಕೆಲಸ ಇದೆ. ಪೇಂಟ್ ಪೂರ್ತಿ ಒಣಗಿದ ಮೇಲೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗದೊಳಗೆ ಹೊಡೆಯುವ, ತುಕ್ಕು ತಡೆಯುವ ಮೇಣ) ತಗೊಂಡು ಉದ್ದ ಕೊಳವೆಯಲ್ಲಿ ಕಮಾನಿನ ಸಂದಿಗೆ, ಬಾಗಿಲಿನ ತಳಕ್ಕೆ, ಹೊಸದಾಗಿ ವೆಲ್ಡ್ ಆದ ಸಿಲ್ ಒಳಗೆ ಹೊಡೆಯಿರಿ. ವೆಲ್ಡಿಂಗ್ ಬಿಸಿಗೆ ಸಿಲ್ ಒಳಗಿನ ಹಳೇ ಲೇಪ ಸುಟ್ಟಿರುತ್ತದೆ, ಮೊದಲು ತುಕ್ಕು ಹಿಡಿಯೋದು ಅಲ್ಲೇ.

ಹಳೇಗಾಡಿ:
ವ್ಯಾಕ್ಸ್ ಹೊಡೆದೆ. ಬಾಗಿಲ ತಳದಿಂದ ತೊಟ್ಟಿಕ್ಕುತ್ತಿದೆ, ಒರೆಸಿಬಿಡಲಾ?

ತಗಡುಕೆಲಸ:
ಹೊರಗೆ ಇಳಿದದ್ದನ್ನು ಒರೆಸಿ. ಆಮೇಲೆ ಅದೇ ತಂತಿ ತಗೊಂಡು ಬಾಗಿಲಿನ ಕಿಂಡಿಗಳನ್ನು ಇನ್ನೊಮ್ಮೆ ಬಿಡಿಸಿ. ವ್ಯಾಕ್ಸ್ ಗಟ್ಟಿಯಾದರೆ ಅದೇ ಕಟ್ಟಿಕೊಳ್ಳುತ್ತದೆ.