ಸೋಲಾರ್ ಅಡಿಯಲ್ಲಿ ಪಾರಿವಾಳದ ಸಂಸಾರ: ಬಲೆಯೋ, ಮುಳ್ಳು ಪಟ್ಟಿಯೋ? ಅನುಭವ ಇದ್ದವರು ಹೇಳಿ

ಕುಶಾಲನಗರ ತಾರಸಿ: 78,000 ಸಬ್ಸಿಡಿ ಸಿಗುತ್ತೆ ಅಂತ ಹೋದ ವರ್ಷ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ. ಈಗ ಪ್ಯಾನೆಲ್ ಅಡಿಯಲ್ಲಿ ಹತ್ತು ಹನ್ನೆರಡು ಪಾರಿವಾಳ. ಹಿಕ್ಕೆ ನೀರಿನ ಟ್ಯಾಂಕ್ ಮೇಲೂ ಬೀಳ್ತಿದೆ. ಅತ್ತೆಗೆ ದಮ್ಮು ಬೇರೆ. 8,000 ಒಳಗೆ ಏನು ಮಾಡಬಹುದು?

ವಿರಾಜಪೇಟೆ ಹೆಂಚಿನ ಮನೆ: ಹಕ್ಕಿ ಕೂರದ ಹಾಗೆ ಅಂಟಿಸ್ತಾರಲ್ಲ, ಆ ಮುಳ್ಳು ಪಟ್ಟಿ ಸುದ್ದಿ ಎತ್ತಲೇಬೇಡಿ. 2022ರಲ್ಲಿ ಮೀಟರಿಗೆ 190ರಂತೆ 34 ಮೀಟರ್ ತಂದೆ, 6,460. ಅಂಟು 1,100. ಏಣಿ ಹತ್ತಿದವನ ಎರಡು ದಿನದ ಕೂಲಿ 1,800. ಮೂರೇ ವಾರ, ಆ ಮುಳ್ಳಿನ ಸಂದಿಗೇ ಕಡ್ಡಿ ಸಿಕ್ಕಿಸಿ ಗೂಡು ಕಟ್ಟಿದವು! ದುಡ್ಡು ಕೊಟ್ಟು ಅವಕ್ಕೆ ಅಡಿಪಾಯ ಹಾಕಿಸಿದ ಹಾಗಾಯ್ತು. ಜೂನ್ ಮಳೆಗೆ ಕಡ್ಡಿ, ಹಿಕ್ಕೆ ಎಲ್ಲ ಇಳಿದು ದಂಬೆ ಕಟ್ಟಿಕೊಂಡು ನೀರು ಅಟ್ಟಕ್ಕೆ ನುಗ್ಗಿತು. ಅಲ್ಲಿಟ್ಟಿದ್ದ ಎರಡು ಚೀಲ ಕರಿಮೆಣಸು ಬೂಷ್ಟು. ಆ ಮೆಣಸನ್ನು ಏಪ್ರಿಲ್‌ನಲ್ಲೇ ಮಾರು ಅಂತ ಹೆಂಡತಿ ಹೇಳಿದ್ದಳು. ಇವತ್ತಿಗೂ ಹೇಳ್ತಾಳೆ.

ಸುಂಟಿಕೊಪ್ಪ ಕಣ: ನೈಲಾನ್ ಬಲೆ ಹಾಕಿಸಿದವನು ನಾನು. 14,500. ಐದು ವರ್ಷ ಗ್ಯಾರಂಟಿ ಅಂದ. ಗ್ಯಾರಂಟಿ ಪಾರಿವಾಳಕ್ಕೆ ಮಾತ್ರ, ಮಂಗಗಳಿಗೆ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಎರಡನೇ ತಿಂಗಳು ಮಂಗಗಳ ಹಿಂಡು ಬಂದು ಉಯ್ಯಾಲೆ ಆಡಿದವು. ಹರಿದ ತೂತಲ್ಲಿ ಒಳಗೆ ಹೋದ ಪಾರಿವಾಳಕ್ಕೆ ಹೊರಗೆ ಬರೋಕೆ ತಿಳೀಲಿಲ್ಲ, ಸತ್ತು ನಾರಿತು. ನಾನು ಫೋನ್ ಮಾಡಿದ್ರೆ ಆ ಮನುಷ್ಯ ಇವತ್ತಿಗೂ ಎತ್ತಲ್ಲ.

ಕೋವಿ ಮನೆತನ: ಇಷ್ಟೆಲ್ಲ ಯಾಕೆ? ನಮಗೆ ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ 2029ರವರೆಗೆ ಇದೆ. ಎರಡು ಸುತ್ತು ಹಾರಿಸಿದ್ರೆ ಬೀದಿಯೇ ಖಾಲಿ.

ವಿರಾಜಪೇಟೆ ಹೆಂಚಿನ ಮನೆ: ವಿನಾಯಿತಿ ಇರೋದು ಕೋವಿ ಇಟ್ಟುಕೊಳ್ಳೋದಕ್ಕೆ, ಪೇಟೆ ಮಧ್ಯೆ ಹಾರಿಸೋದಕ್ಕಲ್ಲ. ನಮ್ಮ ಪಕ್ಕದ ಮನೆಯವರು ಕೈಲ್‌ಪೊಳ್ದ್ ಆಯುಧ ಪೂಜೆ ಹಬ್ಬದ ಹುರುಪಲ್ಲಿ ಹಾರಿಸಿ 11 ಹೆಂಚು ಒಡೆದ್ರು. ನನ್ನದು! ಪಾರಿವಾಳ ಸಂಜೆ ಚಹಾ ಹೊತ್ತಿಗೆ ವಾಪಸ್.

ಕೋವಿ ಮನೆತನ: ಗುರಿ ಇಲ್ಲದವರ ಕಥೆ ನನಗೆ ಹೇಳಬೇಡಿ.

ಮಡಿಕೇರಿ ಮಳೆಹನಿ: ಪಾಪದ ಹಕ್ಕಿ ಮಾರಾಯ್ರೆ. ನಾನು ದಿನಾ ಬೆಳಿಗ್ಗೆ ಒಂದು ಸೇರು ಜೋಳ ಹಾಕ್ತೇನೆ. ನಮ್ಮ ಮನೆಗೆ ಏನೂ ತೊಂದರೆ ಆಗಿಲ್ಲ.

ಸೋಮವಾರಪೇಟೆ ಅಕ್ಕ: ನಿಮಗೆ ಆಗಲ್ಲ, ತಿಂದು ಬಂದು ಹಿಕ್ಕೆ ಹಾಕೋದು ಪಕ್ಕದ ಮನೆ ಮೇಲೆ. ಮೈಸೂರಲ್ಲಿ ಬಾಡಿಗೆಗಿದ್ದಾಗ ನಮ್ಮ ಮೇಲಿನ ಮನೆಯವರೂ ಇದೇ ಪುಣ್ಯ ಕಟ್ಟಿಕೊಳ್ತಿದ್ರು. ಬಾಲ್ಕನಿ ಗುಡಿಸಿದ್ದು ನಮ್ಮ ಯಜಮಾನರು, ಒಣ ಪೊರಕೆಯಲ್ಲಿ, ನಾಲ್ಕು ವರ್ಷ. ಒಣಕೆಮ್ಮು ಅಂತ ಎಂಟು ತಿಂಗಳು ಸಿರಪ್ ಕುಡಿಸಿದೆ. ಒಬ್ಬರು ಅಲರ್ಜಿ ಅಂದ್ರು, ಒಬ್ಬರು ಟಿಬಿ ಇರಬಹುದು ಅಂದ್ರು. ಕೊನೆಗೆ ಸಿಟಿ ಸ್ಕ್ಯಾನ್ ಮಾಡಿಸಿದ ಡಾಕ್ಟ್ರು ಕೇಳಿದ ಮೊದಲ ಮಾತೇ “ಮನೆ ಹತ್ರ ಪಾರಿವಾಳ ಇದೆಯಾ?” ಹಿಕ್ಕೆ, ಗರಿಯ ಧೂಳಿಗೆ ಶ್ವಾಸಕೋಶ ಊದಿಕೊಂಡು ಆಮೇಲೆ ಗಟ್ಟಿಯಾಗುತ್ತಂತೆ. ಗಟ್ಟಿಯಾದ ಭಾಗ ಮತ್ತೆ ಮೊದಲಿನ ಹಾಗೆ ಆಗಲ್ಲ. ಸ್ಕ್ಯಾನ್, ಸ್ಟೆರಾಯ್ಡ್, ಓಡಾಟ, ಮನೆ ಬದಲಾವಣೆ ಸೇರಿ 1,62,000 ನಾನೇ ಬರೆದಿಟ್ಟಿದ್ದೇನೆ. ಈಗ ತೋಟದ ಏರು ಹತ್ತುವಾಗ ಮೂರು ಸಲ ನಿಲ್ತಾರೆ. ಗುಡಿಸುವ ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿ ಅಂತ ಆಗ ಒಬ್ಬರೂ ಹೇಳಲಿಲ್ಲ. ಜೋಳ ಹಾಕೋರು ಇದನ್ನು ಎರಡು ಸಲ ಓದಿ.

ಮಡಿಕೇರಿ ಮಳೆಹನಿ: ನಿಮ್ಮ ಯಜಮಾನರು ಹುಷಾರಾಗಲಿ ಅಕ್ಕ. ಆದರೆ ಸಿಟ್ಟು ನನ್ನ ಮೇಲೆ ಯಾಕೆ?

ಗೋಣಿಕೊಪ್ಪ ಗೋಣಿ: ನಾನು ಒಂಬತ್ತು ಹಿಡಿದು ಗೋಣಿಯಲ್ಲಿ ತುಂಬಿ ಹುಣಸೂರು ದಾಟಿ ಬಿಟ್ಟು ಬಂದೆ. ಪೆಟ್ರೋಲ್ 600. ಬರ್ತಾ ತಿಂಡಿಗೆ ನಿಲ್ಲಿಸಿದ್ದು ತಪ್ಪಾಯ್ತು. ಮನೆಗೆ ಬಂದ್ರೆ ಆರು ಆಗಲೇ ಸೂರಿನ ಮೇಲೆ ಕೂತು ನನ್ನನ್ನೇ ನೋಡ್ತಿದ್ದವು. ಹಿಂದೆ ಕಾಗದ ಒಯ್ದ ಜಾತಿ ಅಲ್ವಾ.

ಸುಂಟಿಕೊಪ್ಪ ಕಣ: ಸೋಲಾರ್ ಬಿಡಿ, ಕಣದ ಕಥೆ ಕೇಳಿ. ಅರೇಬಿಕಾ ಪಾರ್ಚ್‌ಮೆಂಟ್, ಅಂದ್ರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಒಣಗಲು ಹಾಕಿದ್ರೆ ಹಿಕ್ಕೆ ಆರಿಸೋಕೇ ಒಂದು ಆಳು ಬೇಕು.

ಕೋವಿ ಮನೆತನ: ನಿಮ್ಮ ಕಣದಲ್ಲಿ ಕೋಳಿ ಓಡಾಡೋದನ್ನು ಊರೇ ನೋಡಿದೆ. ಪಾರಿವಾಳದ ಮೇಲೆ ಯಾಕೆ ಹಾಕ್ತೀರಿ?

ಸುಂಟಿಕೊಪ್ಪ ಕಣ: ನೀವು ಯಾರು ಅಂತ ನನಗೂ ಗೊತ್ತು. ಬೇಲಿ ವಿಷಯ ಇಲ್ಲಿ ತರಬೇಡಿ.

ಕುಶಾಲನಗರ ತಾರಸಿ: ದಯವಿಟ್ಟು... ಪ್ಯಾನೆಲ್ ಅಡಿಗೆ ಏನು ಮಾಡ್ಲಿ? ಒಂದು ಗೂಡಲ್ಲಿ ಎರಡು ಮೊಟ್ಟೆ ಬೇರೆ ಇದೆ.

ಸೋಮವಾರಪೇಟೆ ಅಕ್ಕ: ಮೊಟ್ಟೆ ಒಡೆಯೋಕೆ 18 ದಿನ, ಮರಿ ಹಾರೋಕೆ ಇನ್ನೊಂದು ತಿಂಗಳು. ಅಲ್ಲಿಯವರೆಗೆ ಅತ್ತೆಯನ್ನು ತಾರಸಿಗೆ ಕಳಿಸಬೇಡಿ. ಆಮೇಲೆ ಹಿಕ್ಕೆ ನೆನೆಸಿ ತೆಗೆಸಿ, ಪ್ಯಾನೆಲ್ ಸುತ್ತ ತಂತಿ ಜಾಲರಿಯನ್ನು ಕ್ಲಿಪ್‌ನಲ್ಲೇ ಕಟ್ಟಿಸಿ. ಚೌಕಟ್ಟಿಗೆ ತೂತು ಕೊರೆದ್ರೆ ವಾರಂಟಿ ಹೋಗುತ್ತೆ.

ಕುಶಾಲನಗರ ತಾರಸಿ: 8,000ಕ್ಕೆ ಆಗುತ್ತಾ ಅಕ್ಕ?

ವಿರಾಜಪೇಟೆ ಹೆಂಚಿನ ಮನೆ: ಕಷ್ಟ. ಅಂದಹಾಗೆ ನನ್ನ ಹತ್ರ ಬಿಚ್ಚಿಟ್ಟ ಮುಳ್ಳು ಪಟ್ಟಿ 20 ಮೀಟರ್ ಇದೆ, ಚೆನ್ನಾಗೇ ಇದೆ. ಅರ್ಧ ರೇಟಿಗೆ ಕೊಡ್ತೇನೆ, ಬಂದು ತಗೊಂಡು ಹೋಗಬೇಕು.