ಅಪ್‌ಡೇಟ್: ಹೆಣಿಗೆ ಸಾಲು ಎಣಿಸುವ ಕೌಂಟರ್ ಸರಿಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಸ್ವೆಟರ್ ಹೆಣೆಯುವಾಗ ಸಾಲು ಎಣಿಸೋಕೆ ಆರ್ಡುಯಿನೊದಲ್ಲಿ (ನಾವೇ ಕೋಡ್ ಬರೆದು ನಡೆಸೋ ಪುಟ್ಟ ಸರ್ಕ್ಯೂಟ್ ಬೋರ್ಡು) ಮಾಡಿಕೊಂಡ ಕೌಂಟರ್ ಒಂದು ಸಲ ಒತ್ತಿದ್ರೆ ಎರಡು, ಮೂರು ತೋರಿಸ್ತಿದೆ ಅಂತ. ನಾನು ಮಡಿಕೇರಿ ಮಳೆಯ ತಂಡಿ ಅಂದ್ಕೊಂಡಿದ್ದೆ. ಪಾಪ, ಮಳೆಯದೇನೂ ತಪ್ಪಿಲ್ಲ! ನಿಮ್ಮಲ್ಲೊಬ್ಬರು ಹೇಳಿದಂತೆ ಬಟನ್‌ದೇ ಕಿತಾಪತಿ. ಒತ್ತಿದಾಗ ಒಳಗಿನ ಲೋಹದ ಪಟ್ಟಿ ಕೆಲವು ಮಿಲಿಸೆಕೆಂಡು ಪಟಪಟ ಅದುರುತ್ತೆ, ಬೋರ್ಡು ಪ್ರತಿ ಅದುರನ್ನೂ ಎಣಿಸುತ್ತೆ. ಕೋಡ್‌ನಲ್ಲಿ ಒಂದು ಸಲ ಎಣಿಸಿದ ಮೇಲೆ ಅದುರು ನಿಲ್ಲೋವರೆಗೆ 50 ಮಿಲಿಸೆಕೆಂಡು ಕಾಯಿಸಿದೆ, ಸರಿಹೋಯ್ತು.

ಇನ್ನೊಂದು ತಲೆನೋವು: ಕರೆಂಟು ಹೋದಾಗೆಲ್ಲ ಎಣಿಕೆ ಸೊನ್ನೆಗೆ ಬರ್ತಿತ್ತು. ಈಗ ಪ್ರತಿ ಸಾಲಿನ ಲೆಕ್ಕವೂ ಕರೆಂಟು ಹೋದ್ರೂ ಅಳಿಯದ ಮೆಮೊರಿಯಾದ ಇಇಪಿರಾಮ್‌ನಲ್ಲಿ ಉಳಿಯುತ್ತೆ.

ತಪ್ಪು ಲೆಕ್ಕ ನಂಬಿ ಹೆಣೆದ ಎಡತೋಳು ಮಾತ್ರ ಮೊಣಕೈಗೇ ಮುಗಿದಿತ್ತು. ನಿನ್ನೆ ಬಿಚ್ಚಿದೆ. ಅತ್ತೆ ಉಂಡೆ ಸುತ್ತುತ್ತಾ, "ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಹಾಕಿದ್ರೆ ಆಗ್ತಿರಲಿಲ್ವಾ?" ಅಂದ್ರು.