ಪೊಲೀಸರ ಪಿಸ್ತೂಲು ಆಸ್ಪತ್ರೆಯೊಳಗೆ ಎಲ್ಲಿಯವರೆಗೆ? – ಅನುಭವ ಹಂಚಿಕೆ

ಪ್ರಶ್ನೆ – ಆಸ್ಪತ್ರೆ ಆಡಳಿತ, ಪುಣೆ

ಚಿಂಚ್‌ವಡ ಕಡೆ 80 ಹಾಸಿಗೆಯ ಆಸ್ಪತ್ರೆ. ಎಂಎಲ್‌ಸಿ (ಹೊಡೆದಾಟ, ಅಪಘಾತದಂಥ ಪೊಲೀಸ್ ಸಂಬಂಧಿ) ಕೇಸಿಗೆ, ಕೈದಿಗಳ ಎಸ್ಕಾರ್ಟ್‌ಗೆ ಬರುವ ಪೊಲೀಸರ ಸೊಂಟದಲ್ಲಿ ಪಿಸ್ತೂಲು, ಕೆಲವೊಮ್ಮೆ ಹೆಗಲಲ್ಲಿ ರೈಫಲ್. ಮುಂದಿನ ತಿಂಗಳು 1.5 ಟೆಸ್ಲಾ ಎಂಆರ್‌ಐ ಶುರುವಾಗುತ್ತದೆ. ಗೇಟಿನಲ್ಲೇ ನಮ್ಮ ಗಾರ್ಡ್ ಆಯುಧ ಇಸಿದುಕೊಂಡು ಲಾಕರ್‌ನಲ್ಲಿಡಲಿ ಅಂತ ಟ್ರಸ್ಟಿಗಳ ಸಲಹೆ. ಇದು ನಡೆಯುವ ಮಾತಾ?

ಆಸ್ಪತ್ರೆ ಭದ್ರತೆ, ಮುಂಬೈ

ನಡೆಯುವುದಿಲ್ಲ. ಆಯುಧ ಕಾಯಿದೆ 1959ರ 3ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಡ್ಯೂಟಿಯ ಮೇಲಿರುವ ಸರ್ಕಾರಿ ನೌಕರನಿಗೆ 45ನೇ ಕಲಮಿನಲ್ಲಿ ವಿನಾಯಿತಿ ಇದೆ, ನಿಮ್ಮ ಗಾರ್ಡಿಗೆ ಇಲ್ಲ. ಅವನು ಕೈಯೊಡ್ಡಿ ಇಸಿದುಕೊಂಡ ಕ್ಷಣದಿಂದ ತಲೆನೋವು ನಿಮ್ಮದು.

ಎಸ್ಕಾರ್ಟ್‌ನವರನ್ನು ಪೂರ್ತಿ ಬರಿಗೈ ಮಾಡುವುದೂ ಜಾಣತನವಲ್ಲ. 1992ರ ಸೆಪ್ಟೆಂಬರ್ 12ರಂದು ಇಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯ ವಾರ್ಡಿಗೆ ಗ್ಯಾಂಗಿನವರು ನುಗ್ಗಿದಾಗ ಕಾವಲಿನ ಇಬ್ಬರು ಪೊಲೀಸರೂ ಸತ್ತರು. 2008ರ ನವೆಂಬರ್ 26ರ ರಾತ್ರಿ ಉಗ್ರರು ಕಾಮಾ ಆಸ್ಪತ್ರೆಯೊಳಗೇ ಹೊಕ್ಕರು. 'ಗನ್ ಹೊರಗಿಡಿ' ಅಂದ ಕೂಡಲೇ ಪೊಲೀಸರಿಗೆ ನೆನಪಾಗುವುದು ಇಂಥವೇ. ನಿಮ್ಮ ಊರಿನಲ್ಲಂತೂ 2023ರ ಅಕ್ಟೋಬರ್‌ನಲ್ಲಿ ಸಸೂನ್ ಆಸ್ಪತ್ರೆಯಿಂದ ಕೈದಿ ಪರಾರಿಯಾದ ಮೇಲೆ ಎಸ್ಕಾರ್ಟ್ ವಿಷಯ ಇನ್ನೂ ನಾಜೂಕು.

ಹಾಗಾಗಿ ನಿಯಮ ಆಯುಧದ ಮೇಲೆ ಬೇಡ, ಜಾಗದ ಮೇಲೆ ಇರಲಿ. ಎಂಆರ್‌ಐ, ಆಪರೇಷನ್ ಥಿಯೇಟರ್, ಹೆರಿಗೆ ಕೋಣೆ, ಮನೋರೋಗ ವಾರ್ಡ್: ಇಲ್ಲಿಗೆ ಯಾರ ಆಯುಧವೂ ಬರಬಾರದು. ಐಸಿಯು, ಕ್ಯಾಶುವಾಲ್ಟಿಗೆ ಜೋಡಿ ಪದ್ಧತಿ: ಒಬ್ಬ ಆಯುಧವಿಲ್ಲದೆ ರೋಗಿಯ ಹತ್ತಿರ, ಇನ್ನೊಬ್ಬ ಎರಡೂ ಆಯುಧದೊಂದಿಗೆ ಬಾಗಿಲ ಹೊರಗೆ. ಒಬ್ಬನೇ ಬಂದಿದ್ದರೆ ಠಾಣೆಗೆ ಫೋನ್ ಮಾಡಿ ಜೊತೆಗಾರ ಬರುವವರೆಗೆ ಕಾಯಬೇಕು. ಹೇಳಿಕೆ ಬರೆದುಕೊಳ್ಳಲು ಪಿಸ್ತೂಲು ಬೇಕಿಲ್ಲ.

ಇದನ್ನು ನೀವೊಬ್ಬರೇ ಬರೆದು ಗೋಡೆಗೆ ಅಂಟಿಸಿದರೆ ಯಾರೂ ಕೇಳುವುದಿಲ್ಲ. ಠಾಣೆಯ ಸೀನಿಯರ್ ಇನ್‌ಸ್ಪೆಕ್ಟರ್ ಜೊತೆ ಕೂತು ಒಂದು ಪುಟ ಬರೆದು, ಎರಡೂ ಕಡೆ ಸಹಿ ಹಾಕಿ, ಡಿಸಿಪಿ ಕಚೇರಿಗೆ ಪ್ರತಿ ಕೊಡಿ. ಸಾಹೇಬರ ಸಹಿ ಇದ್ದರೆ ರಾತ್ರಿ ಎರಡು ಗಂಟೆಗೂ ಹವಾಲ್ದಾರ್ ಜಗಳ ತೆಗೆಯುವುದಿಲ್ಲ. ಖಾಸಗಿ ಬಾಡಿಗಾರ್ಡ್‌ಗಳ ಲೆಕ್ಕ ಬೇರೆ, ಅವರನ್ನು ಗೇಟಿನಲ್ಲೇ ನಿಲ್ಲಿಸಬಹುದು.

ಎಂಆರ್‌ಐ ಸರ್ವಿಸ್, ಮುಂಬೈ

ಎಂಆರ್‌ಐ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಎಲ್ಲರೂ ಎಡವುವುದು ಇಲ್ಲೇ.

ಮ್ಯಾಗ್ನೆಟ್ ಯಾವಾಗಲೂ ಆನ್. ಸ್ಕ್ಯಾನ್ ಮುಗಿದರೂ, ಕರೆಂಟ್ ಹೋದರೂ, ಭಾನುವಾರ ಬೀಗ ಹಾಕಿದರೂ ಆನ್. 2018ರ ಜನವರಿಯಲ್ಲಿ ಮುಂಬೈಯಲ್ಲೇ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಹೋದವನನ್ನು ಮಶೀನು ಎಳೆದುಕೊಂಡು ಜೀವ ತೆಗೆಯಿತು. ಈಗಿನ ಮಶೀನುಗಳಿಗೆ ಕಾಂತಶಕ್ತಿ ಹೊರಗೆ ಹರಡದಂತೆ ತಡೆಯುವ ಶೀಲ್ಡಿಂಗ್ ಇರುವುದರಿಂದ ಬಾಗಿಲಲ್ಲಿ ಎಳೆತ ಗೊತ್ತೇ ಆಗುವುದಿಲ್ಲ. ಇನ್ನೆರಡು ಹೆಜ್ಜೆ ಇಟ್ಟರೆ ಒಮ್ಮೆಲೇ ಕಿತ್ತುಕೊಳ್ಳುತ್ತದೆ. 'ಏನೂ ಆಗಲಿಲ್ಲವಲ್ಲ' ಅನ್ನುವ ಧೈರ್ಯ ಹುಟ್ಟುವುದು ಸರಿಯಾಗಿ ಆ ಎರಡು ಹೆಜ್ಜೆಯ ಮೊದಲು.

ಪಿಸ್ತೂಲಿನ ಸೇಫ್ಟಿ ಲಾಕ್ ಹಾಕಿದೆ ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ. 2000ನೇ ಇಸವಿಯಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಪೊಲೀಸನೊಬ್ಬನ .45 ಪಿಸ್ತೂಲು ಹಾರಿಹೋಗಿ ಮಶೀನಿಗೆ ಬಡಿದು, ಸೇಫ್ಟಿ ಲಾಕ್ ಆಗಿದ್ದಾಗಲೇ ಗುಂಡು ಹಾರಿ ಗೋಡೆಗೆ ತಾಗಿತು. ಒಳಗಿನ ಪಿನ್ನು, ಬ್ಲಾಕು ಎಲ್ಲವೂ ಉಕ್ಕು. ಅವನ್ನೇ ಮ್ಯಾಗ್ನೆಟ್ ಜರುಗಿಸಿದರೆ ಹೆಬ್ಬೆರಳಿನ ಸೇಫ್ಟಿ ಲಿವರ್ ಏನು ಮಾಡೀತು? ಗ್ಲಾಕ್ ಪಿಸ್ತೂಲು ಪ್ಲಾಸ್ಟಿಕ್ ಅನ್ನುವವರಿಗೆ: ಹಿಡಿ ಮಾತ್ರ ಪಾಲಿಮರ್, ಮೇಲೆ ಹಿಂದೆಮುಂದೆ ಜರುಗುವ ಸ್ಲೈಡು ಮತ್ತು ಬ್ಯಾರೆಲ್ ಉಕ್ಕೇ.

ರಾಚೆಸ್ಟರ್‌ನ ಆ ಪೊಲೀಸ್ ಎಸ್ಕಾರ್ಟ್‌ಗೆ ಬಂದವನಲ್ಲ, ಸ್ವತಃ ಸ್ಕ್ಯಾನ್‌ಗೆ ಬಂದ ರೋಗಿ. 2023ರಲ್ಲಿ ಸಾವ್ ಪಾಲೊದಲ್ಲಿ ತಾಯಿಯ ಜೊತೆ ಒಳಹೋದ ವಕೀಲನೊಬ್ಬ ತನ್ನದೇ ಪಿಸ್ತೂಲಿನ ಗುಂಡಿಗೆ ಬಲಿಯಾದ. ಮೆಟಲ್ ಕುರಿತ ಫಾರ್ಮಿಗೆ ಸಹಿಯನ್ನೂ ಹಾಕಿದ್ದ. ಆದ್ದರಿಂದ ಸಹಿ ಸಾಲದು. ರೋಗಿ, ಜೊತೆಗಾರ ಇಬ್ಬರಿಗೂ 'ಮೆಟಲ್ ಇದೆಯಾ' ಅಂತಲ್ಲ, 'ಪಿಸ್ತೂಲು, ಮ್ಯಾಗಜಿನ್ (ಗುಂಡು ತುಂಬಿಡುವ ಡಬ್ಬಿ) ಇದೆಯಾ' ಅಂತಲೇ ಬಾಯಿಬಿಟ್ಟು ಕೇಳಿ. ರೋಗಿ ಗೌನಿಗೆ ಬದಲಾಗಲಿ, ಜೊತೆಗಾರ ಜೇಬು ಹೊರಮಗುಚಿ ತೋರಿಸಲಿ. ಪೊಲೀಸರಾದರೆ ಕೈಕೋಳ, ವೈರ್‌ಲೆಸ್ ಸೆಟ್ಟು, ಬೆಲ್ಟ್ ಬಕಲ್, ಮೊಳೆ ಹೊಡೆದ ಬೂಟು ಕೂಡ. ಕೈದಿಗೆ ಸ್ಕ್ಯಾನ್ ಇದ್ದರೆ ಪ್ಲಾಸ್ಟಿಕ್ ಕಟ್ಟುಪಟ್ಟಿ ಮೊದಲೇ ತಂದಿಡಲು ಠಾಣೆಗೆ ಹೇಳಿ.

ಅಕಸ್ಮಾತ್ ಆಯುಧ ಅಂಟಿಕೊಂಡರೆ ಎಳೆಯಬೇಡಿ. ನಳಿಗೆ ಎತ್ತ ಕಡೆ ಇದೆಯೋ ಅತ್ತ ಹಾಯದೆ ಎಲ್ಲರೂ ಹೊರಬಂದು, ಬಾಗಿಲಿಗೆ ಕಾವಲು ಹಾಕಿ, ಸರ್ವಿಸ್ ಎಂಜಿನಿಯರ್‌ನ ಕರೆಯಿರಿ. ನಿಧಾನವಾಗಿ ಮ್ಯಾಗ್ನೆಟ್‌ನ ಫೀಲ್ಡ್ ಇಳಿಸುವುದು ಅವನ ಕೆಲಸ. ಮನುಷ್ಯ ಸಿಕ್ಕಿಕೊಂಡಿದ್ದರೆ ಮಾತ್ರ ಕ್ವೆಂಚ್ ಬಟನ್, ಅಂದರೆ ಮ್ಯಾಗ್ನೆಟ್ಟನ್ನೇ ತಕ್ಷಣ ಆಫ್ ಮಾಡುವ ಬಟನ್. ಆಗ ಮ್ಯಾಗ್ನೆಟ್ಟನ್ನು ತಣ್ಣಗಿಡುವ ದ್ರವ ಹೀಲಿಯಂ ಆವಿಯಾಗಿ ಸುಮಾರು 700 ಪಟ್ಟು ಹಿಗ್ಗುತ್ತದೆ. ಅದನ್ನು ಹೊರಗೆ ಬಿಡುವ ಪೈಪು ಸರಿಯಿಲ್ಲದಿದ್ದರೆ ಕೋಣೆಯ ಆಕ್ಸಿಜನ್ ಹೊರದಬ್ಬಿ, ಒಳಮುಖ ಬಾಗಿಲು ತೆರೆಯದಂತೆ ಮಾಡುತ್ತದೆ. ಕರೆಂಟ್ ಕಡಿಯುವ ಎಮರ್ಜೆನ್ಸಿ ಸ್ಟಾಪ್ ಬೇರೆ, ಕ್ವೆಂಚ್ ಬೇರೆ. ಗಾಬರಿಯಲ್ಲಿ ಮೊದಲನೆಯದನ್ನು ಒತ್ತಿ ಮ್ಯಾಗ್ನೆಟ್ ಆಫ್ ಆಯಿತೆಂದು ಒಳನುಗ್ಗುವವರೇ ಹೆಚ್ಚು. ಎರಡಕ್ಕೂ ಬೇರೆ ಬಣ್ಣದ ಮುಚ್ಚಳ ಹಾಕಿಸಿ.

ಆಯುಧ ನಿರ್ವಹಣೆ ಬಲ್ಲವರು, ಪುಣೆ

ಗುಂಡು ಖಾಲಿ ಮಾಡಿ ಕೊಡಿ ಅಂತ ನಿಯಮದಲ್ಲಿ ದಯವಿಟ್ಟು ಬರೆಯಬೇಡಿ. ತಪ್ಪಿ ಗುಂಡು ಹಾರುವುದು ಹೆಚ್ಚಾಗಿ ತುಂಬುವಾಗ, ತೆಗೆಯುವಾಗ. ಸಾಮಾನ್ಯ ತಪ್ಪು ಕ್ರಮದ್ದು: ಮ್ಯಾಗಜಿನ್ ತೆಗೆಯದೆ ಮೊದಲು ಸ್ಲೈಡ್ ಎಳೆದರೆ ಒಂದು ಗುಂಡು ಹೊರಬರುತ್ತದೆ, ಮ್ಯಾಗಜಿನ್‌ನಿಂದ ಇನ್ನೊಂದು ಚೇಂಬರಿಗೆ (ಗುಂಡು ಹಾರಲು ಸಿದ್ಧವಾಗಿ ಕೂರುವ ಜಾಗಕ್ಕೆ) ಏರುತ್ತದೆ. ಆಮೇಲೆ ಮ್ಯಾಗಜಿನ್ ಕಳಚಿ 'ಖಾಲಿ' ಅಂದುಕೊಳ್ಳುತ್ತಾರೆ.

ಪಿಸ್ತೂಲು ಹೋಲ್‌ಸ್ಟರ್‌ನಿಂದ ಹೊರಬರಲೇಬಾರದು. ಹೆಗಲ ಲ್ಯಾನ್ಯಾರ್ಡ್ (ಪಿಸ್ತೂಲಿಗೆ ಕಟ್ಟಿದ ಹಗ್ಗ) ಬಿಚ್ಚಿ, ಬೆಲ್ಟ್ ಸಮೇತ ಇಡಿಯಾಗಿ ಜೊತೆಗಾರನ ಕೈಗೆ. ಖಾಲಿ ಮಾಡಲೇಬೇಕಾದರೆ ಹೊರಗೆ ಮರಳು ತುಂಬಿದ ಪೆಟ್ಟಿಗೆಯೆದುರು, ಬೆರಳು ಟ್ರಿಗರ್‌ನಿಂದ ದೂರ, ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್ ಎರಡು ಮೂರು ಸಲ, ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ ಚೇಂಬರ್ ಪರೀಕ್ಷೆ, ಗುಂಡಿನ ಎಣಿಕೆ.

ಕ್ಯಾಶುವಾಲ್ಟಿ ನರ್ಸಿಂಗ್, ಗೋವಾ

ಒಂದು ಸಂಗತಿ ಯಾರೂ ಬರೀಲಿಲ್ಲ: ಪೊಲೀಸನೇ ಗಾಯಾಳುವಾಗಿ ಸ್ಟ್ರೆಚರ್ ಮೇಲೆ ಬಂದಾಗ. ತಲೆಗೆ ಪೆಟ್ಟು ಬಿದ್ದವರು, ಶುಗರ್ ಇಳಿದವರು ಅರೆಪ್ರಜ್ಞೆಯಲ್ಲಿ ಮೊದಲು ತಡಕಾಡುವುದು ಸೊಂಟಕ್ಕೆ. ನೀವು ಹೋಲ್‌ಸ್ಟರ್ ಹಿಡಿದರೆ ಆಯುಧ ಕಸಿಯುತ್ತಾರೆ ಅಂದ್ಕೊಂಡು ಸೆಣಸ್ತಾರೆ. ಒಬ್ಬರು ಆಯುಧದ ಬದಿಯ ಮಣಿಕಟ್ಟು ಹಿಡಿದು ಮಾತಾಡಿಸ್ತಿರಬೇಕು, ಇನ್ನೊಬ್ಬರು ಕತ್ತರಿಯಿಂದ ಬೆಲ್ಟನ್ನು ಹೋಲ್‌ಸ್ಟರಿನ ಎರಡೂ ಕಡೆ ಕತ್ತರಿಸಬೇಕು, ಲ್ಯಾನ್ಯಾರ್ಡನ್ನೂ. ಪಿಸ್ತೂಲು ಹೊರಗೆಳೆಯಬಾರದು. ಜೊತೆಗೆ ಬಂದ ಪೊಲೀಸ್ ಇದ್ದರೆ ಅವರ ಕೈಗೆ, ಇಲ್ಲದಿದ್ದರೆ 112ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಬೀಗದ ಕಪಾಟಿನಲ್ಲಿ. ಸಮಯ, ಇದ್ದವರ ಹೆಸರು ಕೇಸ್ ಪೇಪರಲ್ಲಿ. ಸ್ಪೇರ್ ಮ್ಯಾಗಜಿನ್ ಪೌಚ್ ಮರೀಬೇಡಿ.

ಪ್ರಶ್ನೆ ಕೇಳಿದವರು

ಹಾಗಾದರೆ ಲಾಕರ್ ಬೇಡವೇ ಬೇಡವಾ?

ಆಸ್ಪತ್ರೆ ಭದ್ರತೆ, ಮುಂಬೈ

ಇರಲಿ, ಆದರೆ ಪೊಲೀಸನೇ ಇಟ್ಟು ಕೀಲಿ ತನ್ನ ಜೇಬಿಗೆ ಹಾಕಿಕೊಳ್ಳುವಂಥದ್ದು, ಕ್ಯಾಮೆರಾ ಕಣ್ಣಿನ ಕೆಳಗೆ. ಪೊಲೀಸರ ಎಸ್‌ಎಲ್‌ಆರ್ ರೈಫಲ್ ಒಂದು ಮೀಟರಿಗಿಂತ ಉದ್ದ, ಹಾಗಾಗಿ ಒಂದು ಖಾನೆಯಾದರೂ ನಾಲ್ಕೂಕಾಲು ಅಡಿ ಎತ್ತರ ಬೇಕು. ಲಾಕರನ್ನು ಎಂಆರ್‌ಐ ಬಾಗಿಲ ಪಕ್ಕ ಇಡಬೇಡಿ, ರಿಸೆಪ್ಶನ್ ಹತ್ತಿರ ಇಡಿ. ಬೋರ್ಡಿನ ಮೇಲೆ ಪಿಸ್ತೂಲಿಗೆ ಕಾಟು ಹಾಕಿದ ಚಿತ್ರ, ಕೆಳಗೆ ಮರಾಠಿಯಲ್ಲಿ 'ಶಸ್ತ್ರ ಆತ ನೇಊ ನಯೇ' (ಆಯುಧ ಒಳಗೆ ಒಯ್ಯಬಾರದು). ತೂಗುಹಾಕುವುದು ಬಾಗಿಲಿಗಲ್ಲ, ಬಾಗಿಲಿಗೆ ಹತ್ತು ಹೆಜ್ಜೆ ಮೊದಲು.